ಲ್ಯಾಬಿನಲ್ಲಿ ಒಂದು ಕೆಂಪು ಪುಡಿ ಮಾಡೋಣ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಎಷ್ಟು ಗೌರವ ಇದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವರ್ಷದಲ್ಲಿ ಒಂದು ಸೆಮಿಸ್ಟರ್ ಓದಬೇಕು, ಲ್ಯಾಬ್ ಮುಗಿಸಬೇಕು, ವೈವಾದಲ್ಲಿ ನಾಲ್ಕು ಪ್ರಶ್ನೆ ದಾಟಬೇಕು, ಅಲ್ಲಿಗೆ ಋಣ ತೀರಿತು. ಆಮೇಲೆ ಸಿಎಸ್‌ನವರು ಕೋಡಿಂಗಿಗೆ, ಮೆಕ್ಯಾನಿಕಲ್‌ನವರು ವರ್ಕ್‌ಶಾಪಿಗೆ, ಸಿವಿಲ್‌ನವರು ಸರ್ವೇಗೆ. ಬಿಳಿ ಏಪ್ರನ್ ಜೂನಿಯರ್‌ಗೆ ದಾನ.

ಇದಕ್ಕೆ ಹುಡುಗ ಹುಡುಗಿಯರನ್ನಷ್ಟೇ ದೂರಿ ಪ್ರಯೋಜನವಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ಆ ಲ್ಯಾಬಿನಲ್ಲಿ ನಡೆಯೋದೇನು ನೋಡಿ. ನೀರಿನ ಗಡಸುತನ, ಹಿತ್ತಾಳೆಯಲ್ಲಿರುವ ತಾಮ್ರ, ಹೆಮಟೈಟ್ ಅದಿರಿನಲ್ಲಿರುವ ಕಬ್ಬಿಣ. ಬ್ಯುರೆಟ್ ತುಂಬು, ಬಣ್ಣ ಬದಲಾದ ಕೂಡಲೇ ನಿಲ್ಲಿಸು, ಸೂತ್ರಕ್ಕೆ ಹಾಕು. ಕೆಟ್ಟ ಪ್ರಯೋಗಗಳೇನಲ್ಲ, ಕೈ ಪಳಗಿಸುತ್ತವೆ. ಆದರೆ ಉತ್ತರ ಸುಮಾರು ಎಷ್ಟು ಬರಬೇಕು ಅಂತ ಲ್ಯಾಬಿಗೆ ಕಾಲಿಡುವ ಮುಂಚೆಯೇ ಇಡೀ ಬ್ಯಾಚಿಗೆ ಗೊತ್ತಿರುತ್ತೆ. ಸೆಮಿಸ್ಟರ್ ಮುಗಿಯುವವರೆಗೂ ಒಂದೇ ಒಂದು ಸಂಯುಕ್ತವನ್ನು ನಮ್ಮ ಕೈಯಾರೆ ತಯಾರಿಸುವುದಿಲ್ಲ. ಹಾಗಾಗಿ "ಈಗ ನಾವು ಮಾಡಿದ್ದು ನಿಜವಾಗಿ ಏನು?" ಎಂದು ತಲೆ ಕೆರೆದುಕೊಳ್ಳುವ ಪ್ರಸಂಗವೂ ಬರುವುದಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಮೊದಲ ವರ್ಷದ ಲ್ಯಾಬಿನಲ್ಲಿ ಒಂದೇ ಒಂದು ಲೋಹದ ಕ್ಲಸ್ಟರ್ ಸಂಯುಕ್ತವನ್ನು ತಯಾರಿಸುವ, ತಯಾರಿಸಿದ್ದನ್ನು ಪರೀಕ್ಷಿಸಿ ನೋಡುವ ಪ್ರಯೋಗ ಬರಲಿ. ಕ್ಲಸ್ಟರೇ ಯಾಕೆ ಅಂದರೆ, ಒಂದು ವಸ್ತುವನ್ನು ತಯಾರಿಸುವುದು ಬೇರೆ, ಅದು ಏನೆಂದು ತಿಳಿಯುವುದು ಬೇರೆ, ಅದರಿಂದ ಉಪಯೋಗ ಪಡೆಯುವುದು ಇನ್ನೂ ಬೇರೆ ಅನ್ನುವ ಪಾಠ ಇವುಗಳ ಚರಿತ್ರೆಯಷ್ಟು ಚೆನ್ನಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಮೊದಲು ಕ್ಲಸ್ಟರ್ ಅಂದರೆ ಏನು ಅಂತ ನೋಡೋಣ. ಸೆಕೆಂಡ್ ಪಿಯುಸಿಯಲ್ಲಿ ಕೋಆರ್ಡಿನೇಷನ್ ಕಾಂಪೌಂಡ್ಸ್ ಓದಿದ್ದು ನೆನಪಿರಬೇಕಲ್ಲ? ನಡುವೆ ಒಂದು ಲೋಹದ ಅಯಾನು, ಸುತ್ತ ಲಿಗ್ಯಾಂಡುಗಳು. ಆಲ್ಫ್ರೆಡ್ ವರ್ನರ್ 1893ರಲ್ಲಿ ಕೊಟ್ಟ, ಮುಂದೆ 1913ರಲ್ಲಿ ನೊಬೆಲ್ ತಂದುಕೊಟ್ಟ ಚಿತ್ರ ಅದು. ಆ ಚಿತ್ರದಲ್ಲಿ ಲೋಹದ ಪರಮಾಣು ಒಂಟಿ ಜೀವ. ಸುತ್ತ ಎಷ್ಟೇ ಜನ ಇರಲಿ, ತನ್ನ ಜಾತಿಯ ಇನ್ನೊಂದರ ಜೊತೆ ಅದಕ್ಕೆ ಮಾತಿಲ್ಲ. ಅದೇ ಅಧ್ಯಾಯದ ಕೊನೆಗೆ ಕಾರ್ಬೊನಿಲ್‌ಗಳ ಚಿತ್ರದಲ್ಲಿ ಎರಡು ಮ್ಯಾಂಗನೀಸ್ ಪರಮಾಣುಗಳ ನಡುವೆ ನೇರವಾಗಿ ಒಂದು ಗೆರೆ ಎಳೆದಿತ್ತು. ಪರೀಕ್ಷೆಗೆ ಬರಲ್ಲ ಅಂತ ಹೆಚ್ಚಿನವರು ದಾಟಿಹೋಗುವ ಗೆರೆ. ಕ್ಲಸ್ಟರ್ ರಸಾಯನಶಾಸ್ತ್ರ ಶುರುವಾಗೋದೇ ಅಲ್ಲಿಂದ. ಲೋಹದ ಪರಮಾಣುಗಳು ಎರಡೋ ಮೂರೋ ಆರೋ ಇಪ್ಪತ್ತೈದೋ ಸೇರಿ, ನೇರವಾಗಿ ಒಂದಕ್ಕೊಂದು ಕೈಹಿಡಿದು, ದ್ರಾಕ್ಷಿ ಗೊಂಚಲಿನ ಹಾಗೆ ಒಂದು ಅಣುವಿನೊಳಗೆ ಕೂತರೆ ಅದು ಕ್ಲಸ್ಟರ್. ಎರಡೇ ಪರಮಾಣು ಇದ್ದರೆ ಕ್ಲಸ್ಟರ್ ಅನ್ನಬೇಕೋ ಬೇಡವೋ ಅಂತ ಕೆಲವರು ಜಗ್ಗಾಡುತ್ತಾರೆ. ನಾವು ಎರಡರಿಂದಲೇ ಶುರು ಮಾಡ್ತೀವಿ, ಯಾಕಂದರೆ ನಮ್ಮ ಕೆಂಪು ಪುಡಿ ಇರೋದು ಅಲ್ಲೇ.

ಆ ಪುಡಿಯ ಹೆಸರು ಕ್ರೋಮಸ್ ಅಸಿಟೇಟ್. 1844ರಲ್ಲಿ ಫ್ರಾನ್ಸಿನ ಪೆಲಿಗೊ ಇದನ್ನು ತಯಾರಿಸಿದ. ಯುರೇನಿಯಂ ಲೋಹವನ್ನು ಮೊದಲು ಬೇರ್ಪಡಿಸಿದವನೂ ಇವನೇ. ಎರಡು ಧನ ಆವೇಶದ ಕ್ರೋಮಿಯಂ ನೀರಿನಲ್ಲಿ ಆಕಾಶದ ನೀಲಿ ಬಣ್ಣ. ಅದನ್ನು ಸೋಡಿಯಂ ಅಸಿಟೇಟ್ ದ್ರಾವಣಕ್ಕೆ ಸುರಿದರೆ ಇಟ್ಟಿಗೆ ಕೆಂಪಿನ ಪುಡಿ ಕೆಳಗೆ ಕೂರುತ್ತೆ. ನೀಲಿ ಯಾಕೆ ಕೆಂಪಾಯ್ತು? ಇದಕ್ಕಿಂತ ದೊಡ್ಡ ವಿಚಿತ್ರ ಅಯಸ್ಕಾಂತದ್ದು. ಕ್ರೋಮಿಯಂಗೆ ಹೊರಗಿನ ಎಲೆಕ್ಟ್ರಾನ್‌ಗಳು ಆರು. ಎರಡು ಹೋದರೆ ಉಳಿದಿದ್ದು ನಾಲ್ಕು. ನೀಲಿ ದ್ರಾವಣದಲ್ಲಿ ಆ ನಾಲ್ಕೂ ಜೊತೆಯಿಲ್ಲದೆ ಒಂಟಿಯಾಗಿರುತ್ತವೆ, ಆದ್ದರಿಂದ ಅದನ್ನು ಅಯಸ್ಕಾಂತ ತನ್ನ ಕಡೆ ಸೆಳೆಯುತ್ತೆ. ಕೆಂಪು ಪುಡಿಯನ್ನು ಮಾತ್ರ ಸೆಳೆಯೋದೇ ಇಲ್ಲ! ನಾಲ್ಕು ಒಂಟಿ ಎಲೆಕ್ಟ್ರಾನ್‌ಗಳು ಎಲ್ಲಿ ಹೋದವು?

ಪಕ್ಕದ ಕ್ರೋಮಿಯಂ ಹತ್ತಿರ. ಎರಡು ಕ್ರೋಮಿಯಂ ಪರಮಾಣುಗಳು ಎದುರುಬದುರು ಕೂತಿವೆ, ನಾಲ್ಕು ಅಸಿಟೇಟ್‌ಗಳು ನಾಲ್ಕು ಕಡೆಯಿಂದ ಎರಡನ್ನೂ ಸೇರಿಸಿ ಹಿಡಿದಿವೆ. ಈ ಕಡೆಯ ನಾಲ್ಕು ಎಲೆಕ್ಟ್ರಾನ್, ಆ ಕಡೆಯ ನಾಲ್ಕು ಎಲೆಕ್ಟ್ರಾನ್, ಒಟ್ಟು ನಾಲ್ಕು ಜೋಡಿ. ಅಂದರೆ ಎರಡು ಲೋಹಗಳ ನಡುವೆ ನಾಲ್ಕು ಬಂಧ. ಸಾವಯವ ರಸಾಯನಶಾಸ್ತ್ರದಲ್ಲಿ ಮೂರಕ್ಕೆ ನಿಂತಿದ್ದ ಲೆಕ್ಕ ಇಲ್ಲಿ ನಾಲ್ಕಕ್ಕೆ ಹೋಗಿದೆ. ಪರಮಾಣುಗಳು ಜೋಡಿಯಾಗಿ ಇವೆ ಅಂತ ಎಕ್ಸ್-ರೇ ಅಧ್ಯಯನ ತೋರಿಸಿದ್ದು 1950ರ ದಶಕದ ಆರಂಭದಲ್ಲಿ. ಅವುಗಳ ನಡುವಿನ ದೂರ 2.36 ಆಂಗ್‌ಸ್ಟ್ರಾಂ ಎಂಬ ನಿಖರ ಅಳತೆ ಸಿಕ್ಕಿದ್ದು 1970ರ ಸುಮಾರಿಗೆ. ಗಟ್ಟಿ ಕ್ರೋಮಿಯಂ ಲೋಹದಲ್ಲೇ ಅಕ್ಕಪಕ್ಕದ ಪರಮಾಣುಗಳ ದೂರ 2.50 ಆಂಗ್‌ಸ್ಟ್ರಾಂ, ಈ ಪುಡಿಯಲ್ಲಿ ಅದಕ್ಕಿಂತಲೂ ಹತ್ತಿರ! ತಯಾರಿಸಿದ್ದು 1844, ಸರಿಯಾಗಿ ಅರ್ಥವಾಗಿದ್ದು 1970. ಒಂದೇಕಾಲು ಶತಮಾನ ಆ ಪುಡಿ ಬಾಟಲಿಯೊಳಗೆ ತನ್ನ ಗುಟ್ಟು ಬಿಡದೆ ಕೂತಿತ್ತು. ಹೆಸರು, ತೂಕ, ಬಣ್ಣ ಎಲ್ಲ ಬರೆದ ಲೇಬಲ್ ಅಂಟಿಸಿದ ಮಾತ್ರಕ್ಕೆ ವಸ್ತು ಗೊತ್ತಾದಂತೆ ಆಗುವುದಿಲ್ಲ.

ನಾಲ್ಕು ಬಂಧದ ಮಾತು ಮೊದಲು ಎದ್ದಿದ್ದು ರೀನಿಯಂ ಎಂಬ ಲೋಹದ ವಿಷಯದಲ್ಲಿ, 1964ರಲ್ಲಿ. ಎಂಟು ಕ್ಲೋರಿನ್, ಎರಡು ರೀನಿಯಂ ಇರುವ ಒಂದು ಅಯಾನು. ಇದೇ ಬಗೆಯ ಸಂಯುಕ್ತಗಳನ್ನು ಸೋವಿಯತ್ ವಿಜ್ಞಾನಿಗಳು ಮೊದಲೇ ತಯಾರಿಸಿದ್ದರು, ರೀನಿಯಂಗಳು ತೀರಾ ಹತ್ತಿರ ಇವೆ ಅಂತಲೂ ಕಂಡಿದ್ದರು. ಅಮೆರಿಕದ ಎಫ್. ಆಲ್ಬರ್ಟ್ ಕಾಟನ್ ಕೇಳಿದ್ದು ಮುಂದಿನ ಪ್ರಶ್ನೆ. ಎರಡು ತುದಿಯ ಕ್ಲೋರಿನ್‌ಗಳು ಒಂದರ ಎದುರು ಒಂದು ನೇರವಾಗಿ ನಿಂತಿದ್ದವು. ಕ್ಲೋರಿನ್‌ಗಳು ಪರಸ್ಪರ ದೂರ ತಳ್ಳಬೇಕು, ಓರೆಯಾಗಿ ತಿರುಗಿ ನಿಲ್ಲಬೇಕಿತ್ತು. ತಿರುಗಿಲ್ಲ ಅಂದಮೇಲೆ ತಿರುಗಲು ಬಿಡದ ಏನೋ ಒಂದು ನಡುವೆ ಇದೆ. ಒಂದು ಸಿಗ್ಮಾ, ಎರಡು ಪೈ, ಅದರ ಮೇಲೆ ಡೆಲ್ಟಾ ಎಂಬ ನಾಲ್ಕನೆಯ ಬಂಧ. ಈ ಡೆಲ್ಟಾ ಬಂಧ ಬೆಸೆಯಬೇಕಾದರೆ ಎರಡೂ ತುದಿ ಎದುರುಬದುರಾಗಿಯೇ ಇರಬೇಕು. ರೀನಿಯಂಗಳ ನಡುವಿನ ದೂರ 2.24 ಆಂಗ್‌ಸ್ಟ್ರಾಂ ಮಾತ್ರ. ನಿರೀಕ್ಷೆಗೆ ಹೊಂದದ ಒಂದು ಚಿಕ್ಕ ಸಂಗತಿಯನ್ನು "ಇರಲಿ ಬಿಡಿ" ಅನ್ನದೆ ಹಿಡಿದು ಜಗ್ಗಿದರೆ ಏನು ಸಿಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಉತ್ತರ ಮೊದಲೇ ಗೊತ್ತಿರುವ ಲ್ಯಾಬಿನಲ್ಲಿ ಇಂಥ ಸಂಗತಿಗೆ "ಎರರ್" ಅಂತ ಹೆಸರಿಟ್ಟು ಮುಂದೆ ಹೋಗ್ತಾರೆ.

ಇನ್ನೊಂದು ಉದಾಹರಣೆ, ಇದು ಲೆಕ್ಕ ಇಷ್ಟಪಡುವವರಿಗೆ. ಮಾಲಿಬ್ಡಿನಂ ಡೈಕ್ಲೋರೈಡ್ ಅನ್ನುವ ಹಳದಿ ಪುಡಿ ಇದೆ. ಹೆಸರು ನೋಡಿದರೆ ಒಂದು ಮಾಲಿಬ್ಡಿನಂ, ಎರಡು ಕ್ಲೋರಿನ್, ಸರಳ ಲವಣ. 1940ರ ದಶಕದಲ್ಲಿ ಸ್ವೀಡನ್ನಿನ ಬ್ರೋಸೆಟ್ ಎಕ್ಸ್-ರೇ ಹಾಯಿಸಿ ನೋಡಿದಾಗ ಒಳಗೆ ಸಿಕ್ಕಿದ್ದು ಆರು ಮಾಲಿಬ್ಡಿನಂ ಪರಮಾಣುಗಳ ಅಷ್ಟಮುಖಿ. ಅಷ್ಟಮುಖಿಗೆ ಮೂಲೆ ಆರು, ಮುಖ ಎಂಟು, ಅಂಚು ಹನ್ನೆರಡು. ಆರು ಮೂಲೆಯಲ್ಲಿ ಲೋಹ, ಎಂಟು ಮುಖದ ಮೇಲೆ ಒಂದೊಂದು ಕ್ಲೋರಿನ್. ಪ್ರತಿ ಮಾಲಿಬ್ಡಿನಂ ಹತ್ತಿರ ನಾಲ್ಕು ಎಲೆಕ್ಟ್ರಾನ್, ಆರಕ್ಕೆ ಇಪ್ಪತ್ನಾಲ್ಕು, ಅಂದರೆ ಹನ್ನೆರಡು ಜೋಡಿ. ಅಂಚುಗಳೂ ಹನ್ನೆರಡು. ಪ್ರತಿ ಅಂಚಿಗೆ ಒಂದು ಬಂಧ, ಲೆಕ್ಕ ಚುಕ್ತಾ. ಬೆರಳೆಣಿಕೆಯಲ್ಲಿ ಮುಗಿಯುವ ಈ ಲೆಕ್ಕ ನೋಡಿದ ಮೇಲೂ ಕೆಮಿಸ್ಟ್ರಿ ಅಂದರೆ ಬರೀ ಬಾಯಿಪಾಠ ಅನ್ನೋಕೆ ಮನಸ್ಸು ಬರುತ್ತಾ?

ಎಲೆಕ್ಟ್ರಾನ್ ಎಣಿಸಿ ಆಕಾರ ಹೇಳುವ ಈ ವಿದ್ಯೆ ಮುಂದೆ ದೊಡ್ಡದಾಗಿ ಬೆಳೆಯಿತು. 1970ರ ದಶಕದ ಶುರುವಿನಲ್ಲಿ ವೇಡ್ ಮತ್ತು ಮಿಂಗೋಸ್ ಬೋರಾನ್ ಹಾಗೂ ಲೋಹದ ಕ್ಲಸ್ಟರ್‌ಗಳಿಗೆ ನಿಯಮಗಳನ್ನು ಕೊಟ್ಟರು. ಹಲವು ಗೊಂಚಲುಗಳು ಒಂದಕ್ಕೊಂದು ಅಂಟಿಕೊಂಡರೆ ಹೇಗೆ ಎಣಿಸಬೇಕು ಅನ್ನೋದಕ್ಕೆ 2001ರಲ್ಲಿ ಇ.ಡಿ. ಜೆಮ್ಮಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರಕ್ಕೆ 'ಎಂಎನ್‌ಒ ನಿಯಮ' ಅಂತ ಹೆಸರು. ಆಗ ಹೈದರಾಬಾದಿನಲ್ಲಿದ್ದ ಜೆಮ್ಮಿಸ್ ಆಮೇಲೆ ಬಂದು ಸೇರಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಗೆ. ದೂರದ ಯಾವುದೋ ದೇಶದ ಮಾತು ಅಂದುಕೊಳ್ಳಬೇಕಾಗಿಲ್ಲ, ಯಶವಂತಪುರದ ಬಸ್ಸು ಹತ್ತಿದರೆ ಸಾಕು.

ಇಂಥ ಸಂಯುಕ್ತ ಮಾಡೋದು ಹೇಗೆ? ಕಷ್ಟ ಇರೋದೇ ಇಲ್ಲಿ. ಬಹಳಷ್ಟು ಕ್ಲಸ್ಟರ್‌ಗಳಿಗೆ ಗಾಳಿ ಕಂಡರೆ ಆಗುವುದಿಲ್ಲ, ಕೆಲವಕ್ಕೆ ತೇವವೂ ಆಗುವುದಿಲ್ಲ. ಅದಕ್ಕೆ ಷ್ಲೆಂಕ್ ಲೈನ್ ಅಂತ ಒಂದು ಗಾಜಿನ ಏರ್ಪಾಡು: ಎರಡು ಉದ್ದನೆಯ ಕೊಳವೆ, ಒಂದರಲ್ಲಿ ನಿರ್ವಾತ, ಇನ್ನೊಂದರಲ್ಲಿ ನೈಟ್ರೋಜನ್ ಅಥವಾ ಆರ್ಗಾನ್. ಫ್ಲಾಸ್ಕಿನೊಳಗಿನ ಗಾಳಿ ಎಳೆ, ಜಡ ಅನಿಲ ತುಂಬು, ಮತ್ತೆ ಎಳೆ, ಮತ್ತೆ ತುಂಬು. ಇನ್ನು ಕೆಲವನ್ನು ಗಾಜಿನ ಕೊಳವೆಯಲ್ಲಿ ಮೊಹರು ಮಾಡಿ ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಸಿಗೋದು ಎಷ್ಟೋ ಸಲ ಕಪ್ಪು ಜಿಗಟು. ಅದರಿಂದ ಹರಳು ಬೆಳೆಸಬೇಕು. ಕಲ್ಲುಸಕ್ಕರೆ ಮಾಡುವಾಗ ಪಾಕವನ್ನು ಅಲುಗಾಡಿಸದೆ ಬಿಡ್ತಾರಲ್ಲ, ಹಾಗೆ ದಿನಗಟ್ಟಲೆ ಅಲುಗಾಡಿಸದೆ ಕಾಯಬೇಕು. ಹರಳು ಬಂದರೆ ಅದೃಷ್ಟ, ಬರದಿದ್ದರೆ ದ್ರಾವಕ ಬದಲಿಸಿ ಮತ್ತೆ ಶುರು.

ಹರಳು ಸಿಕ್ಕ ಮೇಲೆ ಎಕ್ಸ್-ರೇ. ಇಲ್ಲಿ ಇಸಿ ಮತ್ತು ಸಿಎಸ್ ಗೆಳೆಯರು ಕಿವಿ ಕೊಡಬೇಕು. ಹರಳಿಗೆ ಬಡಿದ ಕಿರಣಗಳು ಚದುರಿ ಸಾವಿರಾರು ಚುಕ್ಕೆಗಳಾಗಿ ಬೀಳುತ್ತವೆ. ಪ್ರತಿ ಚುಕ್ಕೆ ಒಂದು ಫೂರಿಯೇ ಗುಣಾಂಕ. ಎಲ್ಲ ಗುಣಾಂಕ ಗೊತ್ತಿದ್ದರೆ ಇನ್ವರ್ಸ್ ಟ್ರಾನ್ಸ್‌ಫಾರ್ಮ್ ಮಾಡಿ ಪರಮಾಣುಗಳ ನಕ್ಷೆ ತೆಗೆಯಬಹುದು. ಆದರೆ ಡಿಟೆಕ್ಟರ್ ಅಳೆಯೋದು ತೀವ್ರತೆಯನ್ನು ಮಾತ್ರ. ಮ್ಯಾಗ್ನಿಟ್ಯೂಡ್ ಸಿಗುತ್ತೆ, ಫೇಸ್ ಕಳೆದುಹೋಗುತ್ತೆ. ಫೇಸ್ ಇಲ್ಲದ ಸಿಗ್ನಲ್ ವಾಪಸ್ ಕಟ್ಟೋದು ಎಂಥ ತಲೆನೋವು ಅಂತ ಸಿಗ್ನಲ್ಸ್ ಪೇಪರ್ ಬರೆದವರನ್ನು ಕೇಳಿ. ಕಳೆದುಹೋದ ಫೇಸನ್ನು ಸಂಭವನೀಯತೆಯ ಗಣಿತದಿಂದ ಹುಡುಕುವ ದಾರಿ ತೋರಿಸಿದ ಹಾಪ್ಟ್‌ಮನ್ ಮತ್ತು ಕಾರ್ಲೆ ಅವರಿಗೆ 1985ರ ರಸಾಯನಶಾಸ್ತ್ರ ನೊಬೆಲ್ ಬಂತು. ಹಾಪ್ಟ್‌ಮನ್ ಗಣಿತಜ್ಞ! ಪಂಪು, ಕುಲುಮೆ, ಸಿಗ್ನಲ್, ಅಲ್ಗಾರಿದಂ ಎಲ್ಲ ಸೇರಿದರೇನೇ ಒಂದು ಕ್ಲಸ್ಟರ್ ಅರ್ಥವಾಗೋದು. "ಇದು ಬಿ.ಎಸ್ಸಿ.ಯವರ ಕೆಲಸ, ನಮಗ್ಯಾಕೆ" ಅನ್ನುವ ಮಾತಿಗೆ ನಮ್ಮ ಉತ್ತರ ಇಷ್ಟೇ.

ಇನ್ನು ಪ್ರತಿ ಸಲ ಏಳುವ ಪ್ರಶ್ನೆ: "ಏನ್ ಉಪಯೋಗ?" ಕೇಳಬೇಕಾದ ಪ್ರಶ್ನೆಯೇ. ನಮ್ಮ ತಕರಾರು ಇರೋದು ಅದನ್ನು ಮೊಟ್ಟಮೊದಲು ಕೇಳಿ, ಬಾಗಿಲು ಹಾಕಿಬಿಡೋದಕ್ಕೆ. ಮೇಲೆ ಹೇಳಿದ ಆರು ಮಾಲಿಬ್ಡಿನಂ ಅಷ್ಟಮುಖಿಯೇ ಗಂಧಕದ ಜೊತೆ ಸೇರಿ 1971ರಲ್ಲಿ ಷೆವ್ರೆಲ್ ಸಂಯುಕ್ತಗಳಾಗಿ ಬಂತು. ಅದರಲ್ಲಿ ಸೀಸ ಸೇರಿದ್ದು ಸುಮಾರು 15 ಕೆಲ್ವಿನ್ ಕೆಳಗೆ ಅತಿವಾಹಕ. ಅದೇ ಕುಟುಂಬದ್ದು 2000ದಲ್ಲಿ ಇಸ್ರೇಲಿನ ಔರ್‌ಬಾಕ್ ತಂಡದ ಕೈಯಲ್ಲಿ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೆಗ್ನೀಸಿಯಂ ಬ್ಯಾಟರಿಯ ಕ್ಯಾಥೋಡ್ ಆಯಿತು. 1980ರಲ್ಲಿ ಪೋಲೆಂಡಿನ ಲಿಸ್ ಹನ್ನೆರಡು ಮ್ಯಾಂಗನೀಸ್ ಇರುವ ಒಂದು ಸಂಯುಕ್ತ ಮಾಡಿದ. ಇದರಲ್ಲಿ ಲೋಹಗಳನ್ನು ಸೇರಿಸೋದು ನಡುವಿನ ಆಕ್ಸಿಜನ್, ಆದರೂ ಕ್ಲಸ್ಟರ್ ಅಂತಲೇ ಕರೀತಾರೆ. 1993ರಲ್ಲಿ ಇಟಲಿಯ ಸೆಸ್ಸೋಲಿ, ಗಟ್ಟೆಸ್ಕಿ ಮತ್ತು ಜೊತೆಗಾರರು ಕಂಡಿದ್ದು, ತೀರಾ ತಣ್ಣಗೆ ಮಾಡಿದರೆ ಅದರ ಒಂದೊಂದು ಅಣುವೂ ತಾನೇ ಒಂದು ಪುಟ್ಟ ಅಯಸ್ಕಾಂತ ಅಂತ. ಒಂದು ಅಣುವಿನಲ್ಲಿ ಒಂದು ಬಿಟ್ ಇಡುವ ಕನಸು ಅಲ್ಲಿಂದ ಶುರು. ಚಿನ್ನವನ್ನೇ ನೋಡಿ. ಇಪ್ಪತ್ತೈದು ಚಿನ್ನದ ಪರಮಾಣು, ಸುತ್ತ ಗಂಧಕದ ಹದಿನೆಂಟು ಲಿಗ್ಯಾಂಡ್ ಇರುವ ಕ್ಲಸ್ಟರಿನಲ್ಲಿ ಚಿನ್ನ ಲೋಹದ ಹಾಗೆ ನಡೆದುಕೊಳ್ಳೋದೇ ಇಲ್ಲ, ಅರೆವಾಹಕದ ಹಾಗೆ ಶಕ್ತಿಯ ಅಂತರ ತೋರಿಸುತ್ತೆ. ಇಂಥ ಚಿನ್ನ, ಬೆಳ್ಳಿ ಕ್ಲಸ್ಟರ್‌ಗಳ ಮೇಲೆ ಕೆಲಸ ಮಾಡುತ್ತಿರುವ ಐಐಟಿ ಮದ್ರಾಸಿನ ಟಿ. ಪ್ರದೀಪ್ ಪಿಎಚ್‌ಡಿ ಮಾಡಿದ್ದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಕುಡಿಯುವ ನೀರಿನಿಂದ ಕೀಟನಾಶಕ, ಆರ್ಸೆನಿಕ್ ತೆಗೆಯುವ ಅವರ ನ್ಯಾನೋ ವಸ್ತುಗಳ ಕೆಲಸ ಜನರ ಮನೆ ಮುಟ್ಟಿದೆ.

ಎಲ್ಲವೂ ಹೀಗೆ ಫಲ ಕೊಟ್ಟವು ಅಂತ ನಾವು ಹೇಳಲ್ಲ. ಕಾರ್ಖಾನೆಯ ಲೋಹದ ಕೆಟಲಿಸ್ಟ್‌ಗಳ ಜಾಗವನ್ನು ಕ್ಲಸ್ಟರ್‌ಗಳು ಹಿಡಿಯುತ್ತವೆ ಅಂತ 1970ರ ದಶಕದಲ್ಲಿ ದೊಡ್ಡ ನಿರೀಕ್ಷೆ ಇತ್ತು. ಅಂದುಕೊಂಡಷ್ಟು ಆಗಲಿಲ್ಲ. ಉಪಯೋಗದ ಭರವಸೆ ಕೊಟ್ಟೇ ವಿಜ್ಞಾನ ಮಾರಿದರೆ, ಭರವಸೆ ಹುಸಿಯಾದ ದಿನ ವಿಜ್ಞಾನವನ್ನೂ ಎಸೆದುಬಿಡ್ತಾರೆ. ಅದಕ್ಕೇ ತಿಳಿಯುವ ಕೆಲಸಕ್ಕೆ ಅದರದ್ದೇ ಬೆಲೆ ಇರಬೇಕು ಅನ್ನೋದು.

ಪ್ರಕೃತಿಯಂತೂ ನಮಗಿಂತ ಬಹಳ ಮೊದಲೇ ಈ ವಿದ್ಯೆ ಕಲಿತಿದೆ. ತೊಗರಿಯ ಕಣಜ ಕಲಬುರಗಿಯ ಹೊಲದಲ್ಲಿ ಒಂದು ತೊಗರಿ ಗಿಡ ಕಿತ್ತು ಬೇರು ನೋಡಿ, ಪುಟ್ಟ ಪುಟ್ಟ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ನನ್ನು ಅಮೋನಿಯಾ ಮಾಡುತ್ತವೆ. ಗೊಬ್ಬರದ ಕಾರ್ಖಾನೆಗೆ ಇದೇ ಕೆಲಸಕ್ಕೆ 400 ಡಿಗ್ರಿಗೂ ಹೆಚ್ಚು ಬಿಸಿ, ವಾಯುಭಾರದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಬೇರಿನ ಗಂಟು ಮಣ್ಣಿನ ಬಿಸಿಯಲ್ಲೇ ಮುಗಿಸುತ್ತೆ. ಅಲ್ಲಿ ಕೆಲಸ ಮಾಡುವುದು ಒಂದು ಕ್ಲಸ್ಟರ್: ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ನಟ್ಟನಡುವೆ ಒಂದು ಪರಮಾಣು. ಆ ನಡುವಿನದು ಇಂಗಾಲ ಅಂತ ಖಚಿತವಾಗಿದ್ದು 2011ರಲ್ಲಿ. ರೈತರು ತಲೆತಲಾಂತರದಿಂದ ಬೆಳೆ ಬದಲಿಸಿ ಉಪಯೋಗ ಪಡೆಯುತ್ತಿದ್ದ ಸಂಗತಿಯ ಒಳಗುಟ್ಟು ಅಷ್ಟು ಇತ್ತೀಚಿನದು.

ಈಗ ನಮ್ಮ ಬೇಡಿಕೆಗೆ ಬರೋಣ. ಕ್ರೋಮಸ್ ಅಸಿಟೇಟ್ ಮಾಡೋಕೆ ಕೋಟಿಯ ಉಪಕರಣ ಬೇಡ. ಕ್ರೋಮಿಯಂ ಟ್ರೈಕ್ಲೋರೈಡ್, ಸತುವು, ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಅಸಿಟೇಟ್, ಕುದಿಸಿ ಗಾಳಿ ಹೊರಹಾಕಿದ ನೀರು. ಡೈಕ್ರೋಮೇಟಿನಿಂದ ಶುರು ಮಾಡುವ ವಿಧಾನವೂ ಇದೆ, ಅದರ ವಿಷದ ಗೊಡವೆ ಬೇಡ ಅಂತಲೇ ಟ್ರೈಕ್ಲೋರೈಡ್ ಹೇಳ್ತಿರೋದು. ಸತುವು ಮತ್ತು ಆಮ್ಲ ಸೇರಿದಾಗ ಬರುವ ಹೈಡ್ರೋಜನ್ ಫ್ಲಾಸ್ಕಿನ ಗಾಳಿಯನ್ನು ಹೊರಗೆ ದೂಡುತ್ತೆ. ಹಸಿರು ದ್ರಾವಣ ನೀಲಿಯಾದ ಮೇಲೆ ಹೊರದಾರಿ ಮುಚ್ಚಿದರೆ ಅದೇ ಹೈಡ್ರೋಜನ್ನಿನ ಒತ್ತಡ ನೀಲಿ ದ್ರಾವಣವನ್ನು ಕೊಳವೆಯ ಮೂಲಕ ಅಸಿಟೇಟ್ ಫ್ಲಾಸ್ಕಿಗೆ ತಳ್ಳುತ್ತೆ. ಪಂಪೇ ಇಲ್ಲದ ಪಂಪು! ಫ್ಯೂಮ್ ಹುಡ್ ಒಳಗೆ, ಬೆಂಕಿ ದೂರ ಇಟ್ಟು, ಮೇಷ್ಟ್ರ ಎದುರಲ್ಲೇ ಮಾಡಬೇಕು. ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಬೇರೆ ಕ್ಯಾನಿನಲ್ಲಿ ಶೇಖರಿಸಬೇಕು. ಎರಡು ಲ್ಯಾಬ್ ಅವಧಿ ಸಾಕು. ಎರಡನೆಯ ಅವಧಿಯಲ್ಲಿ, ಸೂಕ್ಷ್ಮವಾದ ತಕ್ಕಡಿಯ ಮೇಲೆ ಒಂದು ಬಲವಾದ ನಿಯೋಡಿಮಿಯಂ ಅಯಸ್ಕಾಂತ ಇಟ್ಟು, ಪುಡಿಯ ಕೊಳವೆಯನ್ನು ಹತ್ತಿರ ತಂದು ತೂಕ ಎಷ್ಟು ಬದಲಾಯ್ತು ನೋಡೋದು. ಒಳ್ಳೆಯ ಪುಡಿಯನ್ನು ಅಯಸ್ಕಾಂತ ಸೆಳೆಯಬಾರದು. ಗಾಳಿ ಸೋಕಿ ಹಾಳಾಗಿದ್ದರೆ ಸೆಳೆಯುತ್ತೆ.

ಈ ಲೇಖನ ಓದಿದವರಿಗೆ ಉತ್ತರ ಮೊದಲೇ ಗೊತ್ತಾಯ್ತಲ್ಲ ಅಂತೀರಾ? ಜಗತ್ತಿಗೆ ಗೊತ್ತಿರುವ ಉತ್ತರ ಗೊತ್ತಾಯ್ತು ಅಷ್ಟೇ. ನಿಮ್ಮ ಬೆಂಚಿನ ಪುಡಿ ಕೆಂಪಾಗಿ ಉಳಿಯುತ್ತೋ, ಸೋಸುವಷ್ಟರಲ್ಲಿ ಬಣ್ಣಗೆಡುತ್ತೋ, ತಕ್ಕಡಿ ಏನು ಹೇಳುತ್ತೋ, ಅದನ್ನು ಹಳೆಯ ಯಾವ ರೆಕಾರ್ಡ್ ಪುಸ್ತಕವೂ ಹೇಳಲಾರದು. ಹಾಗಾಗಿ ಮಾರ್ಕ್ಸ್ ಕೊಡುವ ರೀತಿಯೂ ಬದಲಾಗಬೇಕು. ಪುಡಿ ಹಸಿರಾಯಿತು ಅಂತ ಅಂಕ ಕತ್ತರಿಸಬಾರದು. ಗಾಳಿ ಎಲ್ಲಿಂದ ನುಗ್ಗಿತು, ಮುಂದಿನ ಸಲ ಏನು ಬದಲಿಸಬೇಕು ಅಂತ ಸರಿಯಾಗಿ ಬರೆದ ತಂಡಕ್ಕೆ ಪೂರ್ತಿ ಅಂಕ ಸಿಗಬೇಕು. ಹಾಗಿಲ್ಲದಿದ್ದರೆ ನಾಲ್ಕನೇ ವಾರಕ್ಕೆ ಇದಕ್ಕೂ ಒಂದು ರೆಡಿಮೇಡ್ ಉತ್ತರ ಹುಟ್ಟಿಕೊಳ್ಳುತ್ತೆ.

ನಾಳೆ ನಾವು ಸೇತುವೆ ಕಟ್ಟಬಹುದು, ಬ್ಯಾಟರಿ ಮಾಡಬಹುದು, ಸಾಫ್ಟ್‌ವೇರ್ ಬರೆಯಬಹುದು. ಅಳತೆ ನಿರೀಕ್ಷೆಗೆ ಹೊಂದದಿದ್ದಾಗ ಅಳತೆಯನ್ನೇ ತಿದ್ದುವ ಎಂಜಿನಿಯರ್ ಬೇಕೋ, ಯಾಕೆ ಹೊಂದಲಿಲ್ಲ ಅಂತ ಕೂತು ಹುಡುಕುವ ಎಂಜಿನಿಯರ್ ಬೇಕೋ? ಎರಡನೆಯವರು ಬೇಕು ಅನ್ನೋದಾದರೆ ಅಭ್ಯಾಸ ಮೊದಲ ವರ್ಷದಲ್ಲೇ ಶುರುವಾಗಬೇಕು. ಕೆಮಿಸ್ಟ್ರಿ ವಿಭಾಗದ ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇದು: ಸಿಲಬಸ್ ಬದಲಾಗುವವರೆಗೆ ಕಾಯೋದು ಬೇಡ, ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನ ಬೀಗ ತೆಗೆಸಿಕೊಡಿ. ಏಪ್ರನ್ ಜೂನಿಯರ್‌ಗೆ ದಾನ ಕೊಟ್ಟವರು ಅವತ್ತಿನ ಮಟ್ಟಿಗೆ ಸಾಲ ಕೇಳಿ ತರಲಿ.